ಕ್ಯಾಲೆಂಡರಿನ ಚೌಕಗಳು

ಗೃಹಕೃತ್ಯದ ಆಯವ್ಯಯವನ್ನು ಕುರಿತು ಬರೆಯುವ ಅಧಿಕಾರ ನಮಗೆಷ್ಟಿದೆ ಎಂಬುದನ್ನು ಮೊದಲಿಗೇ ನಿವೇದಿಸಿಕೊಳ್ಳುವುದು ಒಳ್ಳೆಯದು. ವ್ಯಾಕರಣ, ಶಾಸ್ತ್ರ, ಹಸ್ತಪ್ರತಿಗಳ ಪಾಠಾಂತರ ಇವುಗಳಲ್ಲಿಯೇ ನಮ್ಮ ಆಯುಷ್ಯದ ಬಹುಭಾಗ ಕಳೆದಿದೆ. ಮನೆಗೆ ತಿಂಗಳಿಗೆ ಎಷ್ಟು ಎಣ್ಣೆ ಬೇಕು, ಹಾಲಿನವನಿಗೆ ಎಷ್ಟು ಬಾಕಿ ಎಂದು ಯಾರಾದರೂ ಕೇಳಿದ್ದರೆ ನಲವತ್ತೇಳನೆಯ ವಯಸ್ಸಿನವರೆಗೆ ನಮ್ಮಿಂದ ಉತ್ತರ ಬರುತ್ತಿರಲಿಲ್ಲ. ಅಷ್ಟೇ ಅಲ್ಲ, ಬಾರದಿರುವುದೇ ಪಂಡಿತರಾದವರಿಗೆ ಭೂಷಣವೆಂದು ಒಳಗೊಳಗೇ ಭಾವಿಸಿದ್ದೆವು. ಆ ಭಾವನೆ ಹೇಗೆ ಮುರಿಯಿತು ಎಂಬುದನ್ನೇ ಇಲ್ಲಿ ಹೇಳಹೊರಟಿದ್ದೇವೆ.

ಹಾಗೆ ನೋಡಿದರೆ ಲೆಕ್ಕದ ಶಿಸ್ತನ್ನು ಕಾಣದೆ ಬೆಳೆದವರೇನೂ ನಾವಲ್ಲ. 1970ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಅಂದಿನ ಧಾರವಾಡ ಜಿಲ್ಲೆಯ ಒಂದು ಮಠದ ಪ್ರಸಾದ ನಿಲಯಕ್ಕೆ ಸೇರಿದೆವು. ಅಲ್ಲಿ ಉಗ್ರಾಣವನ್ನು ನೋಡಿಕೊಳ್ಳುತ್ತಿದ್ದ ವೃದ್ಧರೊಬ್ಬರಿದ್ದರು. ಹುಡುಗರೆಲ್ಲ ಅವರನ್ನು ಉಗ್ರಾಣದ ಅಜ್ಜ ಎಂದೇ ಕರೆಯುತ್ತಿದ್ದೆವು. ಸಾಯಂಕಾಲ ಪ್ರಾರ್ಥನೆಗೆ ಕುಳಿತಾಗ ಅವರು ಕಂಬದ ಮರೆಯಲ್ಲಿ ನಿಂತು ತಲೆಗಳನ್ನು ಎಣಿಸುವರು. ಆ ಎಣಿಕೆಯಂತೆಯೇ ಮರುದಿನದ ಜೋಳ, ಅಕ್ಕಿ, ಬೇಳೆ ಅಳೆದು ಅಡುಗೆಮನೆಗೆ ಹೋಗುವುದು. ಊರಿಗೆ ಹೋದ ಹುಡುಗನ ಪಾಲು ಉಗ್ರಾಣದಲ್ಲಿಯೇ ಉಳಿಯುವುದು. ಅನಿರೀಕ್ಷಿತವಾಗಿ ಬಂದ ಅತಿಥಿಗೆ ಅದೇ ಒದಗುವುದು. ಸುಗ್ಗಿಯಲ್ಲಿ ಭಕ್ತರು ಚಕ್ಕಡಿಯಲ್ಲಿ ತಂದು ಒಪ್ಪಿಸಿದ ಜೋಳ ಹಗೇವಿಗೆ ಇಳಿಯುತ್ತಿತ್ತು. ಒಂದು ಹಗೇವನ್ನು ತೆರೆದರೆ ಅದು ಎಷ್ಟು ದಿನ ಬರಬೇಕು ಎಂಬುದನ್ನು ಅವರು ಮೊದಲೇ ಕಿರ್ದಿಯಲ್ಲಿ ಬರೆದಿಡುತ್ತಿದ್ದರು. ಬಾಯಿ ತೆರೆದೊಡನೆ ಯಾರನ್ನೂ ಒಳಗೆ ಇಳಿಸುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ತಾವೇ ಕಾವಲು ಕುಳಿತಿರುವರು.

ಆ ಉಗ್ರಾಣದ ಗೂಡಿನಲ್ಲಿಯೇ ನಾವು ಮೊದಲ ಬಾರಿಗೆ ಕಡತವನ್ನು ಕಂಡದ್ದು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಗೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುವ ಪುಸ್ತಕ ಅದು. ನಮ್ಮ ನಾಡಿನ ವರ್ತಕರೂ ಶಾನುಭೋಗರೂ ಮಠಗಳೂ ಕಾಗದ ಸುಲಭವಾಗುವ ಮೊದಲು ಲೆಕ್ಕ ಇಟ್ಟದ್ದು ಇಂಥವುಗಳಲ್ಲಿ. ಅಳಿಸಿ ಮತ್ತೆ ಬರೆಯಬಹುದಾಗಿದ್ದರೂ ನಮ್ಮ ಅಜ್ಜ ಹಳೆಯ ಲೆಕ್ಕವನ್ನು ಅಳಿಸಿರಲಿಲ್ಲ. ನಾವು ಅದನ್ನು ಮುಂದೆ ಲಿಪಿಶಾಸ್ತ್ರದ ಕಣ್ಣಿನಿಂದ ನೋಡಿ ಸಂತೋಷಪಟ್ಟೆವೇ ಹೊರತು, ಅದರಲ್ಲಿ ಬರೆದ ಕೊಳಗ, ಸೇರುಗಳ ಅರ್ಥವನ್ನು ಮನೆಗೆ ತರಲಿಲ್ಲ.

1984ರಲ್ಲಿ ಒಂದು ಖಾಸಗಿ ವಿದ್ಯಾಸಂಸ್ಥೆಯಲ್ಲಿ ಅಧ್ಯಾಪಕರಾಗಿ ಸೇರಿದೆವು. ಅನುದಾನವಿಲ್ಲದ ಸಂಸ್ಥೆ, ಸಂಬಳ ಬಂದ ತಿಂಗಳು ಬಂತು, ಇಲ್ಲದ ತಿಂಗಳು ಇಲ್ಲ. ಬಂದದ್ದನ್ನು ಮನೆಯವರ ಕೈಗೆ ಕೊಟ್ಟು, ಅದರಲ್ಲಿಯೇ ಪುಸ್ತಕಕ್ಕೆಂದೂ ಗೆಳೆಯರಿಗೆ ಕೈಗಡವೆಂದೂ ಮರಳಿ ಕೇಳಿ ಪಡೆದುಕೊಳ್ಳುವುದು ನಮ್ಮ ರೂಢಿ. ಇಷ್ಟು ಮಾಡಿದರೆ ಗೃಹಸ್ಥಧರ್ಮ ಪೂರೈಸಿತೆಂದು ನಂಬಿದ್ದೆವು.

2006ರ ಜನವರಿಯಲ್ಲಿ ಒಂದು ದಿನ ತಾಯಿಯವರು ಲಿಂಗೈಕ್ಯರಾದ ತಿಥಿಯನ್ನು ಖಚಿತಪಡಿಸಿಕೊಳ್ಳಬೇಕಾಯಿತು. ನಮ್ಮ ಮನೆಯವರಿಗೆ ಹಳೆಯ ಕ್ಯಾಲೆಂಡರುಗಳನ್ನು ಎಸೆಯುವ ಅಭ್ಯಾಸವಿಲ್ಲ. ಕಿರಾಣಿ ಅಂಗಡಿಯವರು ಪ್ರತಿವರ್ಷ ಕೊಡುವ, ತಿಂಗಳಿಗೊಂದು ಹಾಳೆಯ ಆ ಕ್ಯಾಲೆಂಡರುಗಳು ಸುರುಳಿ ಸುತ್ತಿ ಅಟ್ಟದ ಮೇಲಿದ್ದವು. ಇಳಿಸಿ ಬಿಚ್ಚಿದಾಗ ನಾವು ಕಂಡದ್ದು ತಿಥಿ ಒಂದನ್ನೇ ಅಲ್ಲ. ಒಂದೊಂದು ತಾರೀಖಿನ ಚೌಕದಲ್ಲಿಯೂ ಇರುವೆಯಂಥ ಅಕ್ಷರಗಳು. ‘ಹಾ. 1’, ‘ಹಾ. ಇಲ್ಲ’, ‘ಗ್ಯಾ. ಹಚ್ಚಿದ್ದು’, ‘ಅಗಸ 14’, ‘ಬೀಗರು 3 ಮಂದಿ’. ಗ್ಯಾಸ್ ಸಿಲಿಂಡರು ಎಂದು ಹಚ್ಚಿತು, ಎಂದು ಮುಗಿಯಿತು, ಮಗನ ಪರೀಕ್ಷಾ ಶುಲ್ಕದ ಕೊನೆಯ ದಿನ ಯಾವುದು, ಯಾರ ಮದುವೆಗೆ ಎಷ್ಟು ಆಹೇರಿ ಮಾಡಬೇಕು, ಅವರು ನಮಗೆ ಹಿಂದೆ ಮಾಡಿದ್ದೆಷ್ಟು, ಎಲ್ಲವೂ ಅಲ್ಲಿದ್ದವು. ಹಸ್ತಪ್ರತಿ ಓದುವ ನಮಗೆ ಇದೂ ಒಂದು ಹಸ್ತಪ್ರತಿಯಾಗಿ ಕಂಡು ಕುತೂಹಲದಿಂದ ಹಾಳೆ ತಿರುವತೊಡಗಿದೆವು.

ಒಂದು ಸಂಕೇತ ಮಾತ್ರ ಬಿಡಿಸಲಾಗಲಿಲ್ಲ. 2003ರ ಜುಲೈಯಿಂದ ಪ್ರತಿ ತಿಂಗಳ ಹತ್ತನೆಯ ತಾರೀಖಿಗೆ ‘ಬ. 100’ ಎಂದು ಬರೆದಿತ್ತು. ಬಸ್ಸಿನ ಖರ್ಚೆಂದು ಮೊದಲು ಊಹಿಸಿದೆವು. ಆದರೆ ಬಸ್ಸಿನ ಖರ್ಚು ಬೇರೆ ಬೇರೆ ದಿನಗಳಲ್ಲಿ ಬೇರೆಯಾಗಿಯೇ ಇತ್ತು. ಪಾಠನಿರ್ಣಯಕ್ಕೆ ಪೂರ್ವಪ್ರತಿಯನ್ನು ನೋಡಬೇಕೆಂಬ ನಿಯಮದಂತೆ ಹಿಂದಿನ ಹಾಳೆ ತಿರುವಿದೆವು. ಜೂನ್ ತಿಂಗಳ ಒಂದು ಚೌಕದಲ್ಲಿ ‘ಪಾ. 2 — 8000’ ಎಂದಿತ್ತು. ಆಗ ಅರ್ಥವಾಯಿತು. ‘ಪಾ’ ಎಂದರೆ ಪಾಟ್ಲಿ. ‘ಬ’ ಎಂದರೆ ಬಡ್ಡಿ. ತವರಿನವರು ಹಾಕಿದ ಎರಡು ಬಂಗಾರದ ಪಾಟ್ಲಿಗಳನ್ನು ಸೊಸೈಟಿಯಲ್ಲಿಟ್ಟು ಎಂಟು ಸಾವಿರ ತಂದಿದ್ದರು. ಶೇ. 15ರ ಬಡ್ಡಿ, ತಿಂಗಳಿಗೆ ನೂರು ರೂಪಾಯಿ. ಮೂವತ್ತೊಂದು ತಿಂಗಳು ಅವರ ಕೈ ಬರಿದಾಗಿತ್ತು. ಒಂದೇ ಮನೆಯಲ್ಲಿದ್ದು ನಾವು ಅದನ್ನು ಕಂಡಿರಲಿಲ್ಲ.

ಕೇಳಿದೆವು. ಅವರು ರೊಟ್ಟಿ ಬಡಿಯುತ್ತಿದ್ದರು, ಕೈ ನಿಲ್ಲಿಸಲಿಲ್ಲ. “ಮೂರು ತಿಂಗಳ ಪಗಾರ ಆಗಿದ್ದಿಲ್ಲ. ಹುಡುಗನ ಡಿಪ್ಲೊಮಾ ಫೀ ತುಂಬೂದಿತ್ತು. ನಿಮಗ ಹೇಳಿದ್ರ ನೀವು ಏನ್ ಮಾಡ್ತಿದ್ರಿ? ಪುಸ್ತಕ ಮುಚ್ಚಿಟ್ಟು ಚಿಂತಿ ಮಾಡಿಕೋತ ಕೂಡ್ತಿದ್ರಿ” ಎಂದರು.

ಆ ಜೂನ್ ತಿಂಗಳಲ್ಲಿಯೇ ನಾವು ನಿಘಂಟಿನ ಸಂಪುಟಗಳಿಗೆ 1,850 ರೂಪಾಯಿ ಕೊಟ್ಟಿದ್ದೆವು. ಅದೂ ಕ್ಯಾಲೆಂಡರಿನಲ್ಲಿ ‘ಪು. 1850’ ಎಂದು ದಾಖಲಾಗಿತ್ತು, ಯಾವ ಟೀಕೆಯೂ ಇಲ್ಲದೆ. ನಮಗೆ ನಿಜವಾಗಿ ನಾಚಿಕೆ ತಂದದ್ದು ಆ ಸಾಲು.

ಅಂದಿನಿಂದ ಒಂದು ವರ್ಷ ನಾವೂ ಜೇಬಿನಲ್ಲಿ ಪುಟ್ಟ ನೋಟುಬುಕ್ಕು ಇಟ್ಟುಕೊಂಡು ಕೈಬಿಟ್ಟ ಪ್ರತಿ ರೂಪಾಯಿಯನ್ನೂ ಬರೆದೆವು. ಮೊದಲ ತಿಂಗಳಲ್ಲಿಯೇ ಕಂಡದ್ದು ಚಹಾದ ಲೆಕ್ಕ. ಕಾಲೇಜು ಮುಗಿದ ಮೇಲೆ ನಾಲ್ವರು ಗೆಳೆಯರಿಗೆ ಕೊಡಿಸುವ ಚಹಾ. ದಿನಕ್ಕೆ ಹನ್ನೆರಡು ರೂಪಾಯಿ, ಇಪ್ಪತ್ತಾರು ದಿನಕ್ಕೆ 312. ಪಾಟ್ಲಿಯ ಬಡ್ಡಿಯ ಮೂರು ಪಟ್ಟನ್ನು ನಾವು ಪ್ರತಿ ತಿಂಗಳು ಸಾಹಿತ್ಯ ಚರ್ಚೆಯ ನಡುವೆ ಕುಡಿದು ಮುಗಿಸುತ್ತಿದ್ದೆವು. ಚಹಾ ಬಿಡಲಿಲ್ಲ, ಗೆಳೆಯರನ್ನು ಮನೆಗೆ ಕರೆಯತೊಡಗಿದೆವು. ಮನೆಯವರಿಗೆ ಕೆಲಸ ಹೆಚ್ಚಾಯಿತೆಂದು ಈಗ ಅನಿಸುತ್ತದೆ. ಆಗ ಅದೂ ಹೊಳೆಯಲಿಲ್ಲ. ಪಾಟ್ಲಿಗಳು 2007ರಲ್ಲಿ ಬಾಕಿ ಸಂಬಳ ಬಂದಾಗ ಮನೆಗೆ ಬಂದವು, 2009ರಲ್ಲಿ ಮಗಳ ಮದುವೆಗೆ ಕರಗಿದವು.

ಬರೆಯುತ್ತ ಬರೆಯುತ್ತ ತಿಳಿದ ಇನ್ನೊಂದು ಸಂಗತಿಯೆಂದರೆ ಸಂಸಾರದ ದೋಣಿ ತಿಂಗಳ ಖರ್ಚಿನಿಂದ ಅಲುಗಾಡುವುದಿಲ್ಲ; ವರ್ಷಕ್ಕೊಮ್ಮೆ ಬರುವ ಖರ್ಚುಗಳಿಂದ ಅಲುಗಾಡುತ್ತದೆ. ಹಾಲು, ತರಕಾರಿ, ವಿದ್ಯುತ್ತು ಇವು ಹೇಗೋ ಸಾಗುತ್ತವೆ. ಆದರೆ ಜೂನ್ ಬಂದೊಡನೆ ಶಾಲೆಯ ಶುಲ್ಕ, ಸಮವಸ್ತ್ರ, ಪಠ್ಯಪುಸ್ತಕ. ಅದರ ಬೆನ್ನಿಗೇ ಶ್ರಾವಣ. ನಾಗರಪಂಚಮಿಗೆ ಹೆಣ್ಣುಮಕ್ಕಳನ್ನು ಕರೆಸದೆ ಇರಲಾದೀತೆ? ಎಳ್ಳುಂಡಿ, ಶೇಂಗಾ ಉಂಡಿ, ರವೆ ಉಂಡಿ, ಮೇಲೊಂದು ಸೀರೆ. ಅದು ಮುಗಿಯಿತೆನ್ನುವಷ್ಟರಲ್ಲಿ ದೀಪಾವಳಿ. ಇವು ಬರುತ್ತವೆಂಬುದು ಪಂಚಾಂಗದಲ್ಲಿ ಮೊದಲೇ ಅಚ್ಚಾಗಿದ್ದರೂ ಪ್ರತಿವರ್ಷ ಆಕಸ್ಮಿಕವೆಂಬಂತೆ ಸಾಲಕ್ಕೆ ಕೈಯೊಡ್ಡುತ್ತಿದ್ದೆವಲ್ಲ! ಇನ್ನೊಂದೆಡೆ ಸುಗ್ಗಿಯ ತಿಂಗಳುಗಳಲ್ಲಿಯೇ ವರ್ಷದ ಕಾಳು ತುಂಬಿಸಿಟ್ಟರೆ ಅಗ್ಗ. ಬಿಳಿಜೋಳ ಕಣದಿಂದ ಬರುವ ಫೆಬ್ರವರಿ, ಮಾರ್ಚ್. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ತುಂಬಿ ಬರುವುದೂ ಅದೇ ಕಾಲ. ಹೊಸ ಹುಣಸೆಹಣ್ಣೂ ಅದೇ ಕಾಲ. ಜೋಳಕ್ಕೆ ಬೇವಿನ ಎಲೆ ಬೆರೆಸಿ ತುಂಬಿಟ್ಟರೆ ವರ್ಷ ನಿಲ್ಲುತ್ತದೆ. ಆದರೆ ಅಗ್ಗದ ಕಾಲದಲ್ಲಿ ಕೊಳ್ಳಲು ಕೈಯಲ್ಲಿ ಇಡಿಗಂಟು ಇರಬೇಕು. ಬಡವನಿಗೆ ಸೇರು ಸೇರಾಗಿ ಕೊಳ್ಳುವ ಕಾಳು ತುಟ್ಟಿಯಾಗುವುದು ಇದೇ ಕಾರಣಕ್ಕೆ.

ಆದ್ದರಿಂದ ಈಗ ವರ್ಷದ ಆರಂಭದಲ್ಲಿ ಹೊಸ ಕ್ಯಾಲೆಂಡರು ಬಂದ ದಿನವೇ ಇಬ್ಬರೂ ಕುಳಿತು ಹನ್ನೆರಡೂ ಹಾಳೆಗಳನ್ನು ತಿರುವುತ್ತೇವೆ. ವಿಮೆಯ ಕಂತು, ಮನೆಯ ತೆರಿಗೆ, ವರ್ಷದ ಜೋಳ, ಖಾರ, ಪಂಚಮಿ, ದೀಪಾವಳಿ, ತಾಯಿಯವರ ಗಣಾರಾಧನೆ ಆಯಾ ಚೌಕದಲ್ಲಿ ಮೊದಲೇ ಕುಳಿತುಬಿಡುತ್ತವೆ. ನಮ್ಮ ಲೆಕ್ಕದಲ್ಲಿ ಇವೆಲ್ಲ ಸೇರಿ ವರ್ಷಕ್ಕೆ 42,000 ರೂಪಾಯಿ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 3,500. ಅಷ್ಟನ್ನು ಮೊದಲು ತೆಗೆದಿಟ್ಟು ಉಳಿದುದನ್ನೇ ತಿಂಗಳ ಆದಾಯವೆಂದು ತಿಳಿಯುತ್ತೇವೆ. ನಮ್ಮ ಆದಾಯವೂ ಗುಟ್ಟಿನದಲ್ಲ. ನೌಕರರ ಪಿಂಚಣಿ ಯೋಜನೆಯಿಂದ 2,870. 2023ರಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಶೇ. 8.2ರ ದರದಲ್ಲಿ ಇಟ್ಟ 8 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 16,400. ಮಗ ಕಳಿಸುವುದು 6,000. ಮೂರು ತಿಂಗಳ ಬಡ್ಡಿ ಒಟ್ಟಿಗೆ ಬಂದಾಗ ಶ್ರೀಮಂತರಾದಂತೆ ಭ್ರಮೆಯಾಗುತ್ತದೆ. ಅದಕ್ಕಾಗಿ ಬಂದ ದಿನವೇ ಮೂರು ಲಕೋಟೆಗಳಿಗೆ ಹಂಚಿ ತಿಂಗಳ ಹೆಸರು ಬರೆಯುತ್ತೇವೆ. 2016ರ ನವೆಂಬರ್ 8ರ ರಾತ್ರಿ ದೊಡ್ಡ ನೋಟುಗಳು ರದ್ದಾದಾಗ ಸಾಸಿವೆ ಡಬ್ಬಿಯಿಂದ ಐನೂರರ ಏಳು ನೋಟುಗಳು ಹೊರಬಂದು, ನಾವು ಬ್ಯಾಂಕಿನ ಸಾಲಿನಲ್ಲಿ ಅರ್ಧ ದಿನ ನಿಂತೆವು. ಅಂದಿನಿಂದ ಡಬ್ಬಿಯ ಹಣ ಅಂಚೆ ಕಚೇರಿಯ ಆರ್.ಡಿ. ಖಾತೆಗೆ ಹೋಗುತ್ತದೆ. ಸಾಸಿವೆ ಡಬ್ಬಿ ಪೂರ್ತಿ ಬರಿದಾಗಿದೆ ಎಂದು ಮಾತ್ರ ನಾವು ಪ್ರಮಾಣ ಮಾಡಲಾರೆವು.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ನಾವು ವೇದಿಕೆಯ ಮೇಲೆ ಅದೆಷ್ಟು ಸಲ ಹೇಳಿದ್ದೇವೋ! ಪತಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಆಕೆ ಹಿಂದಕ್ಕೆ ಕಳಿಸಿದಳು. ಇದನ್ನು ನಿರಾಸೆಯ ದೃಷ್ಟಾಂತವೆಂದೇ ವ್ಯಾಖ್ಯಾನಿಸುತ್ತ ಬಂದೆವು. ಅದು ಸರಿಯೇ. ಆದರೆ ತಂದದ್ದು ಅಧಿಕವೆಂದು ಗುರುತಿಸಬೇಕಾದರೆ ಅಂದಿನ ದಾಸೋಹಕ್ಕೆ ಬೇಕಾದದ್ದೆಷ್ಟು ಎಂಬ ಅಳತೆ ಆಕೆಯ ಕೈಯಲ್ಲಿ ಇದ್ದಿರಲೇಬೇಕಲ್ಲವೆ? ಈ ಅರ್ಥ ನಮಗೆ ಹೊಳೆದದ್ದು ಗ್ರಂಥಗಳಿಂದಲ್ಲ, ಅಟ್ಟದ ಮೇಲಿನ ಸುರುಳಿಗಳಿಂದ. ಅಕ್ಕಿಯ ದರ ತಿಳಿಯದೆ ದಾಸೋಹದ ಮೇಲೆ ಗಂಟೆಗಟ್ಟಲೆ ಮಾತನಾಡಿದವರ ಪಟ್ಟಿಯಲ್ಲಿ ನಮ್ಮ ಹೆಸರೂ ಇದೆ.

ಕಳೆದ ವರ್ಷ ಬೆಂಗಳೂರಿನಿಂದ ಸೊಸೆ ಬಂದಾಗ ಒಂದು ಅಂದವಾದ ಪ್ಲಾನರ್ ಪುಸ್ತಕ ತಂದಿದ್ದಳು. ಬೆಲೆ 650 ರೂಪಾಯಿ. ದಿನಕ್ಕೊಂದು ಪುಟ, ಅದರಲ್ಲಿ ಮಾಡಬೇಕಾದ ಕೆಲಸ, ಖರ್ಚು, ಕುಡಿದ ನೀರು, ಅಂದಿನ ಮನಃಸ್ಥಿತಿ ಇವಕ್ಕೆಲ್ಲ ಬೇರೆ ಬೇರೆ ಅಂಕಣ. ಮನಃಸ್ಥಿತಿಯ ಅಂಕಣ ನೋಡಿ ಮನೆಯವರು ಬಹಳ ನಕ್ಕರು. ನಾವು ನಗಲಿಲ್ಲ. ಜಪಾನಿನಲ್ಲಿ ಹಾನಿ ಮೊತೊಕೊ ಎಂಬ ಪತ್ರಕರ್ತೆ 1904ರಷ್ಟು ಹಿಂದೆಯೇ ಗೃಹಿಣಿಯರಿಗಾಗಿ ಮನೆಲೆಕ್ಕದ ಪುಸ್ತಕವನ್ನು ರೂಪಿಸಿದ್ದಳು. ಅದಕ್ಕೆ ಹಿಂದಿನ ವರ್ಷ ಪತಿಯೊಡನೆ ಆರಂಭಿಸಿದ್ದ ಆಕೆಯ ಪತ್ರಿಕೆಯೂ ಇದರಂತೆ ಕುಟುಂಬಗಳಿಗಾಗಿ ಇದ್ದದ್ದೇ. ‘ಕಾಕೆಬೊ’ ಎಂಬ ಆ ಪದ್ಧತಿ ಇಂದಿಗೂ ಬಳಕೆಯಲ್ಲಿದೆ. ಆದ್ದರಿಂದ ಅಚ್ಚಾದ ಪುಸ್ತಕವನ್ನು ಹಗುರವಾಗಿ ಕಾಣಬೇಕಾಗಿಲ್ಲ. ಸೊಸೆಯ ತೊಂದರೆ ಬೇರೆಯಿತ್ತು.

“ಮಾವಾರ, ಇಬ್ಬರೂ ದುಡಿತೀವಿ, ತಿಂಗಳ ಕೊನಿಗೆ ಏನೂ ಉಳಿಯೂದಿಲ್ಲ. ಪ್ಲಾನರ್ ತಂದು ಒಂದು ವಾರ ಬರದೆ, ಆಮೇಲೆ ಬಿಟ್ಟೆ” ಎಂದಳು. ಎಲ್ಲ ಲೆಕ್ಕವೂ ಫೋನಿನಲ್ಲಿಯೇ ಇದೆಯೆಂದು ತೋರಿಸಿದಳು. ನೋಡಿದೆವು. ಯಾರಿಗೆ ಕೊಟ್ಟದ್ದು, ಎಷ್ಟು ಗಂಟೆಗೆ ಕೊಟ್ಟದ್ದು ಎಂಬುದೆಲ್ಲ ನಿಖರವಾಗಿತ್ತು. ಏತಕ್ಕೆ ಕೊಟ್ಟದ್ದು ಎಂಬುದೇ ಇರಲಿಲ್ಲ. ಹತ್ತು ದಿನದ ಹಿಂದಿನ 340 ರೂಪಾಯಿ ಯಾವುದೆಂದು ಕೇಳಿದರೆ ಅವಳಿಗೆ ನೆನಪಾಗಲಿಲ್ಲ. ನೋಟು ಮುರಿಸುವಾಗ ಕೈ ಒಂದು ಕ್ಷಣ ತಡೆಯುತ್ತಿತ್ತು. ಈಗ ಆ ತಡೆಯೂ ಇಲ್ಲ. ಮನೆಯವರು ಅಡುಗೆಮನೆಯ ಬಾಗಿಲ ಹಿಂದಿನ ಕ್ಯಾಲೆಂಡರನ್ನು ತೋರಿಸಿ, ದಿನಕ್ಕೊಂದು ಪುಟ ಬರೆಯಲು ಯಾರಿಗೂ ಪುರಸೊತ್ತಿರುವುದಿಲ್ಲವೆಂದೂ, ಒಲೆಯ ಹತ್ತಿರವೇ ಪೆನ್ಸಿಲ್ಲು ಕಟ್ಟಿ ತೂಗುಹಾಕಿ ಮೂರು ಅಕ್ಷರ ಮಾತ್ರ ಬರೆಯಬೇಕೆಂದೂ ಹೇಳಿಕೊಟ್ಟರು. ಸೊಸೆ ಹೋಗುವಾಗ ಪ್ಲಾನರನ್ನು ಇಲ್ಲಿಯೇ ಬಿಟ್ಟು, ಕಿರಾಣಿ ಅಂಗಡಿಯ ಇನ್ನೊಂದು ಕ್ಯಾಲೆಂಡರನ್ನು ಒಯ್ದಳು. ಆ ಪ್ಲಾನರಿನಲ್ಲಿ ಈಗ ನಾವು ಒಂದು ಹಸ್ತಪ್ರತಿಯ ಪಾಠಾಂತರಗಳನ್ನು ಗುರುತು ಹಾಕಿಕೊಳ್ಳುತ್ತಿದ್ದೇವೆ. ಕಾಗದ ಬಹಳ ಚೆನ್ನಾಗಿದೆ.

ಇತ್ತೀಚೆಗೆ ಮನೆಯವರಿಗೆ ಕಣ್ಣಿನ ಪೊರೆ ಬಂದಿದೆ. ಶಸ್ತ್ರಚಿಕಿತ್ಸೆಯ ದಿನವೂ ಚೌಕದಲ್ಲಿ ಕುಳಿತಿದೆ, ಅದರ ಹಣವೂ ಲಕೋಟೆಯಲ್ಲಿದೆ. ಅಲ್ಲಿಯವರೆಗೆ ಅವರು ಹೇಳುತ್ತಾರೆ, ನಾವು ಬರೆಯುತ್ತೇವೆ. ಮೊನ್ನೆ ರಾತ್ರಿ ಬರೆಯುತ್ತಿದ್ದಾಗ, ತಿಂಗಳಿಗೆ ಐನೂರರಂತೆ ‘ಪಾ.’ ಎಂದು ಒಂದು ಬಾಬು ತೆಗೆದಿಡೋಣವೆ ಎಂದು ಕೇಳಿದೆವು. 2025ರಲ್ಲಿ ಬಂಗಾರ ಹತ್ತು ಗ್ರಾಂಗೆ ಲಕ್ಷ ದಾಟಿದ ಸುದ್ದಿ ಅವರಿಗೆ ನಮಗಿಂತ ಮೊದಲೇ ಗೊತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದನ್ನ ಆಮೇಲೆ ನೋಡೋಣಂತ. ನಾಳೆ ಗ್ಯಾಸ್ ಬರತೈತಿ, ಮೊದಲ ಅದನ್ನ ಬರೀರಿ” ಎಂದರು. ಗ್ಯಾಸನ್ನು ಬರೆದೆವು. ಅದರ ಕೆಳಗೆ, ಅವರಿಗೆ ಕಾಣದಷ್ಟು ಸಣ್ಣದಾಗಿ, ‘ಪಾ. 500’ ಎಂದೂ ಬರೆದೆವು.