ಊಟದ ಹೊತ್ತಿಗೆ ಇಳಿಯುವ ಕಡಲು

ಫ್ರಾನ್ಸಿನ ರೋಸ್ಕೊಫ್‌ಗೆ ಓದಲು ಹೋದಾಗ ಕೈಗೆ ಬಂದ ಮೊದಲ ಪಠ್ಯಪುಸ್ತಕ ಅಂಗೈಯಗಲದ್ದು: ಉಬ್ಬರ-ಇಳಿತದ ವೇಳಾಪಟ್ಟಿ. ಇಂದು ನೀರು ಎಷ್ಟು ಗಂಟೆಗೆ ಇಳಿಯುತ್ತದೆ, ಎಷ್ಟು ಇಳಿಯುತ್ತದೆ, 20ರಿಂದ 120ರವರೆಗಿನ ಅಂಕದಲ್ಲಿ ಉಬ್ಬರದ ಜೋರು ಎಷ್ಟು, ಎಲ್ಲ ಅದರಲ್ಲಿದೆ. ಬ್ರಿಟನಿ ಕರಾವಳಿಯಲ್ಲಿ ಅದನ್ನು ಪಂಚಾಂಗದಷ್ಟೇ ಶ್ರದ್ಧೆಯಿಂದ ನೋಡುತ್ತಾರೆ. ಅಂಕ ನೂರು ದಾಟಿದ ದಿನ ಅಜ್ಜಿಯಂದಿರೂ ರಬ್ಬರ್ ಬೂಟು ತೊಟ್ಟು, ಬಕೆಟ್ ಹಿಡಿದು ಚಿಪ್ಪು, ಏಡಿ ಹೆಕ್ಕಲು ಹೊರಡುತ್ತಾರೆ.

ನಮ್ಮ ಕುಮಟಾ ಕಡೆ ಕಡಲು ಎರಡು ಮೀಟರ್ ಏರಿಳಿದರೆ ಹೆಚ್ಚು. ಇಲ್ಲಿ ಒಂಬತ್ತು! ಬೆಳಿಗ್ಗೆ ತೇಲುತ್ತಿದ್ದ ದೋಣಿಗಳು ಮಧ್ಯಾಹ್ನ ಕೆಸರಿನಲ್ಲಿ ಮಗ್ಗುಲಾಗಿ ಮಲಗಿರುತ್ತವೆ. ಎದುರಿನ ಇಲ್ ದ ಬಾ ದ್ವೀಪಕ್ಕೆ ಹೋಗುವವರು ಇಳಿತದ ಹೊತ್ತಿನಲ್ಲಿ ಅರ್ಧ ಕಿಲೋಮೀಟರಿಗೂ ಉದ್ದದ ಕಾಲುಸೇತುವೆ ನಡೆದು, ಹಿಂದೆ ಸರಿದ ನೀರನ್ನು ಅಟ್ಟಿಸಿಕೊಂಡು ಹೋಗಿಯೇ ಲಾಂಚ್ ಹತ್ತಬೇಕು. ಆನ್ರಿ ದ ಲಕಾಜ್-ದ್ಯೂತಿಯೇ 1872ರಲ್ಲಿ ಇಲ್ಲಿ ಕಡಲಜೀವಿಗಳ ಅಧ್ಯಯನ ಕೇಂದ್ರ ತೆರೆದದ್ದು ಸುಮ್ಮನೆ ಅಲ್ಲ. ಹಡಗು ಬೇಡ, ಬಲೆ ಬೇಡ. ಕಡಲೇ ದಿನಕ್ಕೆರಡು ಬಾರಿ ಸೆರಗು ಸರಿಸಿ ತಳ ತೋರಿಸುತ್ತದೆ.

ತೊಡಕಿರುವುದು ಗಳಿಗೆಯಲ್ಲಿ. ದೊಡ್ಡ ಇಳಿತಗಳು ಬರುವುದು ಅಮಾವಾಸ್ಯೆ, ಹುಣ್ಣಿಮೆಯ ಬೆನ್ನಿಗೆ. ಆಗೆಲ್ಲ ಸೂರ್ಯ ಚಂದ್ರರು ಒಂದೇ ಸಾಲಿನಲ್ಲಿರುವುದರಿಂದ, ಆಯಾ ಬಂದರಿನಲ್ಲಿ ನೀರು ತಳ ಕಾಣುವ ಹೊತ್ತೂ ಹೆಚ್ಚುಕಡಿಮೆ ಒಂದೇ. ರೋಸ್ಕೊಫ್‌ನ ಪಾಲಿಗೆ ಬಂದದ್ದು ನಡುಮಧ್ಯಾಹ್ನದ ಆಸುಪಾಸು. ಅಂದರೆ ಸರಿಯಾಗಿ ಫ್ರೆಂಚರ ಊಟದ ಹೊತ್ತು.

ಆ ಹೊತ್ತಿನ ಮಹಿಮೆ ಕಂಡವರಿಗೇ ಗೊತ್ತು. ಹನ್ನೆರಡು ಹೊಡೆದರೆ ಸಣ್ಣ ಊರಿನ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತವೆ; ತಲೆನೋವು ಬಂದವರೂ ಎರಡು ಗಂಟೆಯ ತನಕ ಕಾಯಬೇಕು. ಕ್ಯಾಂಟೀನಿನಲ್ಲಿ ಮೊದಲು ಸಲಾಡ್, ಆಮೇಲೆ ಮುಖ್ಯ ಊಟ, ಆಮೇಲೆ ಚೀಸ್, ಆಮೇಲೆ ಸಿಹಿ, ಕಡೆಗೆ ಕಾಫಿ. ಈ ಸಾಲು ತಪ್ಪಬಾರದು. ಮಾತು ಎಷ್ಟಾದರೂ ಆಗಬಹುದು, ಕೆಲಸದ್ದಾಗಬಾರದು. ಗಬಗಬ ತಿಂದು ಮೈಕ್ರೋಸ್ಕೋಪಿನತ್ತ ಓಡುವವರನ್ನು, ಪಾಪ, ಮೈ ಹುಷಾರಿಲ್ಲವೇನೋ ಎಂಬಂತೆ ನೋಡುತ್ತಾರೆ. ಮೀನು ಹೊಸಿಲು ದಾಟದ ಮನೆಯ ಹುಡುಗಿ ಕಡಲಜೀವಶಾಸ್ತ್ರ ಓದುತ್ತಾಳೆಂದು ಊರಲ್ಲಿ ನಕ್ಕಿದ್ದರು. ಇಲ್ಲಿಯವರು ನಗಲಿಲ್ಲ, ಮರುಗಿದರು. ನನ್ನನ್ನು ಬದುಕಿಸಿದ್ದು ಬಕ್‌ವೀಟ್ ಹಿಟ್ಟಿನ ಕಂದು ದೋಸೆ, ಗಾಲೆಟ್. ಮತ್ತೆ ಈರುಳ್ಳಿ. ರೋಸ್ಕೊಫ್‌ನ ಗುಲಾಬಿ ಈರುಳ್ಳಿಯನ್ನು ಜಡೆ ಹೆಣೆದು ತೂಗುಹಾಕುತ್ತಾರೆ. 1828ರಿಂದ ಇಲ್ಲಿನ ರೈತರು ಅದನ್ನು ದೋಣಿಗೆ ತುಂಬಿ ಇಂಗ್ಲೆಂಡಿಗೆ ದಾಟಿ ಮನೆಮನೆಗೆ ಮಾರಿದವರು. ಕುಮಟಾದ ಹೆದ್ದಾರಿ ಬದಿಯಲ್ಲಿ ತೂಗುವ ಸಿಹಿ ಈರುಳ್ಳಿಯ ಗೊಂಚಲು ಕಂಡವರಿಗೆ ಇಲ್ಲಿನ ಮಾರುಕಟ್ಟೆಯಲ್ಲಿ ಕಾಲು ತಾನಾಗಿ ನಿಲ್ಲುತ್ತದೆ. ಹಸಿಯಾಗಿ ಕಚ್ಚಿ ತಿಂದರೂ ಕಣ್ಣೀರು ಬರಿಸುವ ಜಾತಿಯಲ್ಲ ಅದು.

ಈ ಊರಲ್ಲಿ ಊಟದ ಬಿಡುವನ್ನು ಅತ್ಯಂತ ನಿಷ್ಠೆಯಿಂದ ಪಾಲಿಸುವ ಪ್ರಜೆ ಒಂದು ಹುಳ. ಊರ ಹೆಸರನ್ನೇ ಬಾಲಕ್ಕೆ ಕಟ್ಟಿಕೊಂಡಿರುವ ಸಿಮ್ಸಾಜಿಟ್ಟಿಫೆರಾ ರೋಸ್ಕೊಫೆನ್ಸಿಸ್. ಉದ್ದ ಕೆಲವೇ ಮಿಲಿಮೀಟರ್. ಮರಿ ಹುಟ್ಟುವಾಗ ಬಣ್ಣವಿಲ್ಲ. ಸೂಕ್ಷ್ಮ ಪಾಚಿಯನ್ನು ನುಂಗುತ್ತದೆ, ಆದರೆ ಅರಗಿಸಿಕೊಳ್ಳುವುದಿಲ್ಲ. ಚರ್ಮದಡಿ ಮನೆಮಾಡಿದ ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ, ಹುಳ ಕೂತಲ್ಲೇ ಉಣ್ಣುತ್ತದೆ. ದೊಡ್ಡದಾದ ಮೇಲೆ ಬೇರೆ ಆಹಾರದ ಗೊಡವೆಯೇ ಇಲ್ಲ. ನೀರು ಇಳಿದೊಡನೆ ಲಕ್ಷಗಟ್ಟಲೆ ಹುಳಗಳು ಮರಳಿನಿಂದ ಮೇಲೆದ್ದು, ಜಿನುಗು ನೀರಿನಲ್ಲಿ ಕಡುಹಸಿರು ಲೋಳೆಯಂತೆ ಹರಡಿಕೊಳ್ಳುತ್ತವೆ. ಪಕ್ಕದಲ್ಲಿ ಬೂಟುಗಾಲನ್ನು ಒಮ್ಮೆ ಧೊಪ್ಪನೆ ಊರಿ ನೋಡಬೇಕು: ಹಸಿರು ಮಾಯ, ಬರೀ ಮರಳು! ಊಟದ ಹೊತ್ತಿಗೆ ಬಾಗಿಲು ತಟ್ಟಿದರೆ ಇಲ್ಲಿನ ಎಲ್ಲರೂ ಮಾಡುವುದು ಅದನ್ನೇ.

ಹಾಗಾದರೆ ದೊಡ್ಡ ಇಳಿತದ ದಿನ ಗೆಲ್ಲುವುದು ಕಡಲೋ ಊಟವೋ? ಎರಡೂ. ನಮ್ಮ ತಂಡದ ಹಿರಿಯ ತಂತ್ರಜ್ಞೆ ಮಾದರಿ ಡಬ್ಬಿಗಳ ಜೊತೆ ಬುಟ್ಟಿಯೊಂದನ್ನು ತರುತ್ತಾರೆ. ಒಂದೊಂದೇ ಕಲ್ಲು ಮಗುಚಿ, ಅಡಿಯಲ್ಲಿರುವುದನ್ನು ಎಣಿಸಿ, ಇದ್ದ ಹಾಗೆಯೇ ಮತ್ತೆ ಕೂರಿಸಬೇಕು. ಬಿಸಿಲಿಗೆ ಬಿದ್ದ ಸ್ಪಂಜು, ಪುಟಾಣಿ ಏಡಿ ಉಳಿಯುವುದಿಲ್ಲ. ಆ ವಿಷಯದಲ್ಲಿ ಆಕೆ ಬಲು ಕಟ್ಟುನಿಟ್ಟು. ಕೆಲಸ ಮುಗಿದದ್ದೇ ತಡ, ಬಂಡೆಯ ಮೇಲೆ ಬಟ್ಟೆ ಹಾಸಿ ಬಗೆಟ್ ಮುರಿಯುತ್ತಾರೆ. ಆಗಲೇ ನೀರು ಮರಳಲು ಶುರು. ನಾನು ಅತ್ತ ನೋಡಿದರೆ, ಚೀಸ್ ಇನ್ನೂ ಬಾಕಿ ಇದೆ ಎಂದು ಕಣ್ಣಿನಲ್ಲೇ ಗದರುತ್ತಾರೆ.

ಇಂಥ ಹೊತ್ತಿನಲ್ಲೇ ಆಯಿಯ ಫೋನು. ಅಲ್ಲಿ ಸಂಜೆಯ ಚಹಾ ಮುಗಿದಿರುತ್ತದೆ.

“ಇವತ್ತು ಅಮಾವಾಸ್ಯೆ, ತಂಗೀ. ನೀರಿಗೆ ಇಳೀಬೇಡ.”

“ನಾನು ಇಳೀಲಿಲ್ಲ ಆಯಿ, ನೀರೇ ಇಳಿದು ಹೋಗಿದೆ.”

“ಊಟ ಆಯ್ತಾ ಹಾಗಾದ್ರೆ?”

“ಚೀಸ್ ಒಂದು ಬಾಕಿ.”