ನಡೆದವರು ಮತ್ತು ನಿಂತವರು

ಪಾದಯಾತ್ರೆಯ ಪುಣ್ಯವು ನಡೆದವರಿಗೆ ಸಲ್ಲುತ್ತದೆಂಬುದು ಲೋಕರೂಢಿ. ಎಷ್ಟು ದಿನ ನಡೆದರು, ಎಷ್ಟು ಬೆಟ್ಟ ಹತ್ತಿ ಇಳಿದರು, ಪಾದದಲ್ಲಿ ಎಷ್ಟು ಬೊಕ್ಕೆಗಳೆದ್ದವು ಎಂಬುದನ್ನೇ ಯಾತ್ರಾಕಥನಗಳು ವಿಸ್ತಾರವಾಗಿ ಬಣ್ಣಿಸುತ್ತವೆ. ಆ ಪಾದಗಳಿಗೆ ದಾರಿಯನ್ನು ಮಾಡಿಕೊಟ್ಟವರು ಯಾರು, ಇರುಳಿನಲ್ಲಿ ಕದ ತೆರೆದವರು ಯಾರು, ಆ ಬೊಕ್ಕೆಗಳಿಗೆ ಮದ್ದು ಹಚ್ಚಿದವರು ಯಾರು ಎಂಬ ಪ್ರಶ್ನೆಯು ಸಾಮಾನ್ಯವಾಗಿ ಏಳುವುದೇ ಇಲ್ಲ. ಕ್ಯಾಥೊಲಿಕ್ ಕ್ರೈಸ್ತರ ದೀರ್ಘ ಪಾದಯಾತ್ರೆಗಳಲ್ಲಿ ಹೆಸರುವಾಸಿಯಾದ ಸಾಂತಿಯಾಗೊ ಯಾತ್ರೆಯ ಚರಿತ್ರೆಯನ್ನು ಈ ಪ್ರಶ್ನೆಯೊಡನೆ ಓದಿದಾಗ, ನಡೆದವರಿಗಿಂತ ನಿಂತವರೇ ದೊಡ್ಡವರಾಗಿ ಕಾಣತೊಡಗುತ್ತಾರೆ.

ಸ್ಪೇನ್ ದೇಶದ ವಾಯವ್ಯ ಭಾಗದಲ್ಲಿರುವ ಸಾಂತಿಯಾಗೊ ದೆ ಕೊಂಪೊಸ್ತೆಲಾ ನಗರದ ಪ್ರಧಾನಾಲಯದಲ್ಲಿ ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬರಾದ ಯಾಕೋಬರ ಸಮಾಧಿಯಿದೆ ಎಂಬ ನಂಬಿಕೆಯು 9ನೆಯ ಶತಮಾನದಿಂದ ಬೆಳೆದುಬಂದಿದೆ. ಅಲ್ಲಿಗೆ ಹೋಗುವ ದಾರಿಗಳು ಹಲವು. ಹೆಚ್ಚು ಪ್ರಸಿದ್ಧವಾದ ‘ಫ್ರೆಂಚ್ ದಾರಿ’ಯು ಪಿರೆನೀಸ್ ಪರ್ವತದ ಬುಡದಲ್ಲಿರುವ ಸೇಂಟ್ ಜಾನ್ ಪಿಯೆ ದ ಪೋರ್ ಎಂಬ ಊರಿನಿಂದ ಹೊರಟು, ದ್ರಾಕ್ಷಿತೋಟಗಳನ್ನೂ ಗೋಧಿಯ ಬಯಲುಗಳನ್ನೂ ದಾಟಿ, ಸುಮಾರು 780 ಕಿಲೋಮೀಟರ್ ಸಾಗುತ್ತದೆ. ನಡೆದು ಮುಗಿಸಲು ಒಂದು ತಿಂಗಳಿಗೂ ಮಿಕ್ಕಿ ಬೇಕಾಗುತ್ತದೆ. ಸಮಾಧಿಯಲ್ಲಿರುವ ಅಸ್ಥಿಗಳು ಯಾಕೋಬರವೇ ಎಂಬ ಬಗ್ಗೆ ಇತಿಹಾಸಕಾರರಿಗೆ ಸಂಶಯವುಂಟು. 1884ರಲ್ಲಿ ಹದಿಮೂರನೆಯ ಲಿಯೋ ಪೋಪರು ಅವು ಅವರವೇ ಎಂದು ಸಾರಿದ್ದೂ ಉಂಟು. ಆ ಚರ್ಚೆ ಇಲ್ಲಿ ಬೇಡ. ಅಸ್ಥಿಗಳ ವಿಷಯದಲ್ಲಿ ಸಂಶಯವಿದ್ದರೂ ದಾರಿಯ ವಿಷಯದಲ್ಲಿ ಯಾರಿಗೂ ಸಂಶಯವಿಲ್ಲ. ಅದು ಕಣ್ಣೆದುರಿಗೇ ಇದೆ.

ದಾರಿಯೆಂದರೆ ತಾನಾಗಿಯೇ ಇರುವಂಥದ್ದಲ್ಲ. 11ನೆಯ ಶತಮಾನದಲ್ಲಿ ದೊಮಿಂಗೊ ಎಂಬ ರೈತಕುಲದ ಯುವಕರೊಬ್ಬರು ಸನ್ಯಾಸ ಬಯಸಿ ಎರಡು ಮಠಗಳ ಬಾಗಿಲಿಗೆ ಹೋದರಂತೆ. ಎರಡೂ ಕಡೆ ಅವರನ್ನು ಸೇರಿಸಿಕೊಳ್ಳಲಿಲ್ಲ. ಕಾಡಿನಲ್ಲಿ ಏಕಾಂತವಾಗಿ ನೆಲೆಸಿದ ಅವರ ಕಣ್ಣಿಗೆ ಬಿದ್ದವರು ಪೊದೆಗಳ ನಡುವೆ ದಾರಿ ತಪ್ಪಿ, ಹೊಳೆ ದಾಟಲಾರದೆ ಕಂಗೆಟ್ಟ ಯಾತ್ರಿಕರು. ದೊಮಿಂಗೊ ಅವರು ಕೊಡಲಿ ಹಿಡಿದರು. ಮರ ಕಡಿದು ರಸ್ತೆ ಮಾಡಿದರು. ಓಹಾ ನದಿಗೆ ಸೇತುವೆ ಕಟ್ಟಿದರು. ಯಾತ್ರಿಕರಿಗೆ ತಂಗುದಾಣವನ್ನೂ ಚರ್ಚನ್ನೂ ನಿರ್ಮಿಸಿದರು. 1109ರಲ್ಲಿ ಅವರು ತೀರಿಕೊಂಡ ಸ್ಥಳದಲ್ಲಿ ಬೆಳೆದ ಊರಿಗೆ ಇಂದಿಗೂ ಸಾಂತೊ ದೊಮಿಂಗೊ ದೆ ಲಾ ಕಲ್ಸಾದಾ ಎಂದೇ ಹೆಸರು. ‘ಕಲ್ಸಾದಾ’ ಎಂದರೆ ಕಲ್ಲು ಹಾಸಿದ ರಸ್ತೆ. ಮಠವು ಬೇಡವೆಂದವರನ್ನು ರಸ್ತೆಯು ಸಂತರನ್ನಾಗಿ ಮಾಡಿತು.

ಅವರು ಕಟ್ಟಿಸಿದಂತಹ ತಂಗುದಾಣಗಳನ್ನು ಆ ಕಾಲದಲ್ಲಿ ‘ಹಾಸ್ಪಿಟಲ್’ ಎಂದು ಕರೆಯುತ್ತಿದ್ದರು. ಈ ಪದವನ್ನು ಕೊಂಚ ಬಿಡಿಸಿ ನೋಡಬೇಕು. ನಾವು ಇಂದು ಆಸ್ಪತ್ರೆ ಎನ್ನುವುದು ಇದೇ ಪದದ ಸಂತತಿ. ಆದರೆ ಅಲ್ಲಿ ರೋಗಿಗಳಿಗಷ್ಟೇ ಅಲ್ಲ, ದಣಿದು ಬಂದ ಯಾರಿಗಾದರೂ ಊಟ, ಹಾಸಿಗೆ, ಆರೈಕೆಗಳು ದೊರೆಯುತ್ತಿದ್ದವು. ಮೂಲ ಲ್ಯಾಟಿನ್ ಪದ ‘ಹೊಸ್ಪೆಸ್’. ಅದಕ್ಕೆ ಅತಿಥಿ ಎಂಬ ಅರ್ಥವೂ ಉಂಟು, ಆತಿಥೇಯ ಎಂಬ ಅರ್ಥವೂ ಉಂಟು. ಬಂದವನಿಗೂ ಬರಮಾಡಿಕೊಂಡವನಿಗೂ ಒಂದೇ ಹೆಸರು! ಕನ್ನಡದಲ್ಲಿ ಅತಿಥಿಯಿಂದ ಆತಿಥೇಯಕ್ಕೆ ಹೋಗಲು ಒಂದು ಪ್ರತ್ಯಯವಾದರೂ ಬೇಕು.

ಈ ಸಂಬಂಧವು ಮುರಿದರೆ ಏನಾಗುತ್ತದೆಂಬುದನ್ನು ಆ ದಾರಿಯ ಎರಡು ಪವಾಡಕಥೆಗಳು ಹೇಳುತ್ತವೆ. ಒಂದು ದೊಮಿಂಗೊ ಅವರ ಊರಿನದೇ. ತಂದೆತಾಯಿಯರೊಡನೆ ಬಂದ ತರುಣ ಯಾತ್ರಿಕನ ಚೀಲದಲ್ಲಿ ವಸತಿಗೃಹದ ಹುಡುಗಿಯೊಬ್ಬಳು ಬೆಳ್ಳಿಯ ಪಾತ್ರೆ ಬಚ್ಚಿಟ್ಟು, ಅವನ ಮೇಲೆ ಕಳ್ಳತನ ಹೊರಿಸುತ್ತಾಳೆ. ಅವನಿಗೆ ಗಲ್ಲಾಗುತ್ತದೆ, ಆದರೂ ಸಂತರ ಕೃಪೆಯಿಂದ ಅವನು ಬದುಕಿಯೇ ಇರುತ್ತಾನೆ. ನಂಬದ ನ್ಯಾಯಾಧೀಶನ ತಟ್ಟೆಯಲ್ಲಿದ್ದ ಸುಟ್ಟ ಕೋಳಿ ಎದ್ದು ಕೂಗುತ್ತದೆ. ಇದರ ನೆನಪಿಗಾಗಿ ಅಲ್ಲಿಯ ಪ್ರಧಾನಾಲಯದ ಒಳಗೇ ಜೀವಂತ ಹುಂಜ-ಹೇಂಟೆಗಳನ್ನು ಸಾಕುತ್ತಾರೆ.

ಇನ್ನೊಂದು ಕಥೆ ಗಲೀಷಿಯಾ ಪ್ರಾಂತದ ಹೊಸ್ತಿಲಲ್ಲಿ, ಸುಮಾರು 1,300 ಮೀಟರ್ ಎತ್ತರದಲ್ಲಿರುವ ಒ ಸೆಬ್ರೇರೊ ಎಂಬ ಹಳ್ಳಿಯದು. ಹಿಮದ ಬಿರುಗಾಳಿಯಲ್ಲಿ ಒಬ್ಬ ರೈತನು ಬೆಟ್ಟ ಹತ್ತಿ ಪೂಜೆಗೆ ಬಂದನಂತೆ. ಪೂಜೆಗೆ ನಿಂತಿದ್ದ ಗುರುವು, ಒಂದು ಚೂರು ರೊಟ್ಟಿಗಾಗಿ, ಒಂದು ಗುಟುಕು ದ್ರಾಕ್ಷಾರಸಕ್ಕಾಗಿ ಇಷ್ಟು ಕಷ್ಟವೇಕೆ ಎಂದು ಮನಸ್ಸಿನಲ್ಲಿಯೇ ಹೀಯಾಳಿಸಿದನು. ಆ ಕ್ಷಣದಲ್ಲಿ ರೊಟ್ಟಿಯು ಮಾಂಸವಾಯಿತು, ರಸವು ರಕ್ತವಾಯಿತು. ಆ ಪಾತ್ರೆಯನ್ನು ಅಲ್ಲಿಯ ಪುಟ್ಟ ಕಲ್ಲಿನ ಚರ್ಚಿನಲ್ಲಿ ಇಂದಿಗೂ ತೋರಿಸುತ್ತಾರೆ. ಎರಡೂ ಕಥೆಗಳಲ್ಲಿ ತಪ್ಪಿದವರು ನಡೆದು ಬಂದವರಲ್ಲ, ಬರಮಾಡಿಕೊಳ್ಳಬೇಕಾಗಿದ್ದವರು.

ಶತಮಾನಗಳ ನಂತರ ಅದೇ ಒ ಸೆಬ್ರೇರೊದ ಚರ್ಚಿಗೆ ಎಲಿಯಾಸ್ ವಾಲಿನ್ಯಾ ಎಂಬ ಗುರುಗಳು ಬಂದರು. 1929ರಲ್ಲಿ ಹುಟ್ಟಿದ ಅವರು ಈ ಯಾತ್ರಾಮಾರ್ಗದ ಬಗೆಗೇ ಪಿಎಚ್.ಡಿ. ಪ್ರಬಂಧ ಬರೆದ ವಿದ್ವಾಂಸರು. ಆ ವೇಳೆಗೆ ನಡೆದು ಬರುವವರು ವಿರಳವಾಗಿದ್ದರು. ಕಾಲುದಾರಿಗಳು ಎಷ್ಟೋ ಕಡೆ ಹುಲ್ಲಿನಲ್ಲಿ ಮುಚ್ಚಿಹೋಗಿದ್ದವು. ಪ್ರಬಂಧವನ್ನು ಬರೆದು ಕಪಾಟಿನಲ್ಲಿಟ್ಟು ಸುಮ್ಮನಾಗುವುದು ವಿದ್ವಾಂಸರಿಗೆ ಸುಲಭ. ವಾಲಿನ್ಯಾ ಅವರು ಹಾಗೆ ಮಾಡಲಿಲ್ಲ. ರಸ್ತೆ ಕಾಮಗಾರಿಯಲ್ಲಿ ಉಳಿದಿದ್ದ ಹಳದಿ ಬಣ್ಣವನ್ನು ಕಾರಿನಲ್ಲಿ ಹೇರಿಕೊಂಡು 1984ರ ಸುಮಾರಿಗೆ ಹೊರಟರು. ಮರ, ಬಂಡೆ, ಗೋಡೆ, ಕವಲುದಾರಿಯ ಕಲ್ಲು ಎಲ್ಲದರ ಮೇಲೆಯೂ ತಮ್ಮ ಕೈಯಾರೆ ಬಾಣದ ಗುರುತು ಬರೆದರು. ಪಿರೆನೀಸ್ ಸೀಮೆಯಲ್ಲಿ ಅನುಮಾನಗೊಂಡ ಪೊಲೀಸರು ವಿಚಾರಿಸಿದಾಗ, ಫ್ರಾನ್ಸಿನ ಕಡೆಯಿಂದ ದೊಡ್ಡದೊಂದು ದಂಡಯಾತ್ರೆಗೆ ಸಿದ್ಧತೆ ನಡೆದಿದೆಯೆಂದು ಅವರು ಉತ್ತರಿಸಿದರೆಂಬ ಕಥೆಯನ್ನು ಯಾತ್ರಿಕರು ಇಂದಿಗೂ ನಗುತ್ತ ಹೇಳಿಕೊಳ್ಳುತ್ತಾರೆ. 1987ರಲ್ಲಿ ಯುರೋಪ್ ಪರಿಷತ್ತು ಈ ಮಾರ್ಗವನ್ನು ತನ್ನ ಮೊದಲ ಸಾಂಸ್ಕೃತಿಕ ಮಾರ್ಗವೆಂದು ಘೋಷಿಸಿತು. 1989ರ ಡಿಸೆಂಬರಿನಲ್ಲಿ ವಾಲಿನ್ಯಾ ಅವರು ಕಾಲವಾದರು. ಇಂದು ನಡೆಯುವವರಲ್ಲಿ ಅನೇಕರಿಗೆ ಅವರ ಹೆಸರು ತಿಳಿಯದು. ಆದರೆ ದಿನಕ್ಕೆ ನೂರು ಬಾರಿ ಕಣ್ಣು ಹುಡುಕುವುದು ಅವರ ಬಾಣವನ್ನೇ. ಕಾಯಕಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ಸಿಗುವುದು ಕಷ್ಟ.

ಅವರು ನುಡಿದ ದಂಡು ನಿಜಕ್ಕೂ ಬಂದಿತು. 2024ರಲ್ಲಿ ಸುಮಾರು 4,99,000 ಮಂದಿ ಯಾತ್ರೆ ಪೂರೈಸಿದ ಪ್ರಮಾಣಪತ್ರ ಪಡೆದರು. ಈ ಪತ್ರಕ್ಕೆ ಕಾಲ್ನಡಿಗೆಯವರು ಕನಿಷ್ಠ 100 ಕಿಲೋಮೀಟರ್ ನಡೆದಿರಬೇಕು. ಆದ್ದರಿಂದ ಸಾಂತಿಯಾಗೊದಿಂದ ಅದಕ್ಕಿಂತ ತುಸು ದೂರವಿರುವ ಸಾರಿಯಾ ಪಟ್ಟಣದಿಂದಲೇ ಹೊರಡುವವರು ಎಲ್ಲರಿಗಿಂತ ಹೆಚ್ಚು. ಚೀಲವನ್ನು ಮುಂದಿನ ಊರಿಗೆ ವಾಹನದಲ್ಲಿ ಕಳುಹಿಸುವ ಸೌಲಭ್ಯವಿದೆ. ಹಾಸಿಗೆಯನ್ನು ಮೊದಲೇ ಕಾದಿರಿಸಬಹುದು. ಕಡಿಮೆ ನಡೆದವರನ್ನು ಹಗುರಾಗಿ ಕಾಣುವುದು ಸರಿಯಲ್ಲ. ಮಂಡಿನೋವಿನವರೂ ಒಂದೇ ವಾರ ರಜೆ ಸಿಕ್ಕ ದುಡಿಯುವವರೂ ಅವರಲ್ಲಿದ್ದಾರೆ. ಆತಂಕದ ವಿಷಯ ಬೇರೆ. ಹಣ ಕೊಟ್ಟು ಹಾಸಿಗೆ ಪಡೆದವನು ಗಿರಾಕಿಯಾಗುತ್ತಾನೆ, ಕೊಟ್ಟವನು ಅಂಗಡಿಕಾರನಾಗುತ್ತಾನೆ. ‘ಹೊಸ್ಪೆಸ್’ ಎಂಬ ಪದವು ಅಲ್ಲಿಗೆ ಎರಡಾಗಿ ಸೀಳುತ್ತದೆ.

ಸೀಳದಂತೆ ಹಿಡಿದಿಟ್ಟಿರುವ ಮನೆಗಳೂ ಉಂಟು. ದೊಮಿಂಗೊ ಅವರ ಊರಿನಿಂದ ಎರಡು ತಾಸು ನಡೆದರೆ ಗ್ರಾನ್ಯೋನ್ ಎಂಬ ಸಣ್ಣ ಹಳ್ಳಿ. ಅಲ್ಲಿ ಚರ್ಚಿನ ಗೋಪುರಕ್ಕೆ ಹೊಂದಿದ ಅಟ್ಟವೇ ತಂಗುದಾಣ. ಮಂಚಗಳಿಲ್ಲ, ನೆಲದ ಮೇಲೆ ಚಾಪೆಯಂಥ ಹಾಸುಗಳು. ದರಪಟ್ಟಿಯಿಲ್ಲ. ಮುಚ್ಚಳ ತೆರೆದಿಟ್ಟ ಒಂದು ಪೆಟ್ಟಿಗೆಯಿದೆ. ಆದಷ್ಟನ್ನು ಹಾಕಿ, ಬೇಕಾದಷ್ಟನ್ನು ತೆಗೆದುಕೊಳ್ಳಿ ಎಂಬ ಭಾವದ ಬರಹ ಅದರ ಬಳಿಯಿದೆ. ಇಂಥ ಮನೆಗಳನ್ನು ನೋಡಿಕೊಳ್ಳುವವರನ್ನು ‘ಓಸ್ಪಿತಲೇರೊ’ ಎನ್ನುತ್ತಾರೆ. ಇವರಲ್ಲಿ ಬಹುಪಾಲು ಒಂದು ಕಾಲಕ್ಕೆ ತಾವೇ ಆ ದಾರಿಯಲ್ಲಿ ನಡೆದವರು; ಈಗ ತಮ್ಮ ರಜೆಯಲ್ಲಿ ಹದಿನೈದು ದಿನ ಸಂಬಳವಿಲ್ಲದೆ ಸೇವೆ ಸಲ್ಲಿಸಲು ಬಂದವರು. ಉಚಿತವೆಂದು ತಿಳಿದು ಏನನ್ನೂ ಹಾಕದೆ ಹೋಗುವವರು ಹೆಚ್ಚುತ್ತಿದ್ದಾರೆಂಬ ಅಳಲು ಇಂಥ ಮನೆಗಳಿಂದ ಕೇಳಿಬರುತ್ತದೆ. ಆದರೂ ಗ್ರಾನ್ಯೋನ್‌ನ ಪೆಟ್ಟಿಗೆ ತೆರೆದೇ ಇದೆ.

ಬೆಳಗಿನ ಹೊತ್ತು ಎಲ್ಲರೂ ಚೀಲ ಹೊತ್ತು ಪಶ್ಚಿಮಕ್ಕೆ ಹೊರಟುಹೋಗುತ್ತಾರೆ. ಓಸ್ಪಿತಲೇರೊ ಬಾಗಿಲಲ್ಲಿ ನಿಂತು ಬೀಳ್ಕೊಟ್ಟು, ಒಳಬಂದು ನೆಲ ಗುಡಿಸಿ, ಹಾಸುಗಳನ್ನು ಕೊಡವಿ ಹಾಕುತ್ತಾರೆ. ಬಳಿಕ ಪೆಟ್ಟಿಗೆಯಲ್ಲಿ ಏನಿದೆಯೆಂದು ನೋಡಿ ರಾತ್ರಿಯ ಅಡುಗೆಗೆ ಸಾಮಾನು ತರಲು ಹೋಗುತ್ತಾರೆ. ನಿನ್ನೆ ಉಂಡವರು ಹಾಕಿದ್ದರಲ್ಲಿ ಇಂದು ಬರುವವರಿಗೆ ಊಟ. ಎಷ್ಟು ಮಂದಿ ಬರುತ್ತಾರೆಂಬುದು ಆ ಹೊತ್ತಿಗೆ ಯಾರಿಗೂ ಗೊತ್ತಿರುವುದಿಲ್ಲ.