ಜೀಪಿನ ಎರಡನೇ ಎಂಜಿನ್

ನಮ್ಮ ತಂದೆಯವರ ಜೀಪು ನೋಂದಣಿಯಾದದ್ದು 1968ರಲ್ಲಿ. ತೀರ್ಥಹಳ್ಳಿಯ ಮಳೆಗೆ ತುಕ್ಕು ಹಿಡಿದು ಕೊಟ್ಟಿಗೆ ಸೇರಿದ್ದ ಅದನ್ನು ಹಳೆಯ ವಾಹನಗಳ ಪ್ರದರ್ಶನಕ್ಕೆ ಒಯ್ಯೋಣವೆಂದು ನಾವು ಸಹೋದರರು ನಿರ್ಧರಿಸಿದೆವು. ತುಕ್ಕು ಕೆರೆದು, ತೂತು ಬಿದ್ದ ತಳಕ್ಕೆ ತಗಡು ಬೆಸೆದು, ಬ್ರೇಕ್ ಸರಿಪಡಿಸಿ, ಮೊದಲಿದ್ದ ಹಸಿರು ಬಣ್ಣವನ್ನೇ ಬಳಿದೆವು.

ಆಗ ಎದುರಾದದ್ದು ನಿಯಮದ ಪ್ರಶ್ನೆ. 2021ರ ಕೇಂದ್ರ ನಿಯಮದಂತೆ ವಿಂಟೇಜ್ ಎಂದು ನೋಂದಣಿಯಾಗಲು 50 ವರ್ಷ ದಾಟಿದರೆ ಸಾಲದು. ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ಮಾರ್ಪಾಡು ಆಗಿರಬಾರದು. ನಮ್ಮ ಜೀಪಿನ ಮೂಲ ಎಂಜಿನ್ ಎಂದೋ ಗುಜರಿ ಸೇರಿತ್ತು. ಪೆಟ್ರೋಲಿನ ಖರ್ಚು ತಾಳಲಾರದೆ ತಂದೆಯವರು ಡೀಸೆಲ್ ಎಂಜಿನ್ ಕೂರಿಸಿದ್ದರು. ಮಲೆನಾಡಿನ ಎಷ್ಟೋ ಜೀಪುಗಳ ಕತೆ ಇದೇ.

ಹಳೆಯ ಪೆಟ್ರೋಲ್ ಎಂಜಿನ್ ಹುಡುಕಿ ತನ್ನಿ ಎಂದರು ಕೆಲವರು. ಆದರೆ ಅಡಿಕೆ ಮೂಟೆಗಳನ್ನು ಪೇಟೆಗೆ, ಹೆರಿಗೆ ನೋವಿನ ತಾಯಂದಿರನ್ನು ಮಳೆಗಾಲದ ರಾತ್ರಿ ಆಸ್ಪತ್ರೆಗೆ ಮುಟ್ಟಿಸಿದ್ದು ಈ ಡೀಸೆಲ್ ಎಂಜಿನ್ನೇ. ನಮ್ಮ ಶಾಲೆಯ ಫೀಸು ಹುಟ್ಟಿದ್ದೂ ಅದರ ದುಡಿಮೆಯಿಂದಲೇ. ಯುದ್ಧಕ್ಕೆಂದು ರೂಪುಗೊಂಡ ವಿಲ್ಲಿಸ್ ಜೀಪು ಮುಂಬಯಿಯಲ್ಲಿ ಜೋಡಣೆಯಾಗಿ ನಮ್ಮ ತೋಟಗಳಿಗೂ ಬಂತಲ್ಲ! ಹೊಸ ಕೆಲಸಕ್ಕೆ ಒಗ್ಗಿಕೊಳ್ಳುವುದೇ ಅದರ ಇತಿಹಾಸ.

ನಾವು ಎಂಜಿನ್ ಬದಲಿಸಲಿಲ್ಲ. ವಿಂಟೇಜ್ ಪಟ್ಟ ಸಿಗದಿದ್ದರೂ ಚಿಂತೆಯಿಲ್ಲ. ಪ್ರದರ್ಶನದಲ್ಲಿ ಜೀಪು ಬಾನೆಟ್ ತೆರೆದೇ ನಿಲ್ಲಲಿ. ತಂದೆಯವರ ಕೈಗೆಲಸವನ್ನೂ ಜನ ನೋಡಲಿ.